ಗಡಿನಾಡಿನ ಮನೆಗೆ ಪುಸ್ತಕದ ಕಟ್ಟು

ಕಳೆದ ಕೆಲವು ತಿಂಗಳುಗಳಿಂದ ನಮ್ಮ ಕೈಸೇರುತ್ತಿರುವ ಓದುಗರ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಜಾಲತಾಣದ ಅಂಗಡಿಯೊಂದರಲ್ಲಿ ಕನ್ನಡ ಪುಸ್ತಕಕ್ಕೆ ಬೇಡಿಕೆ ಸಲ್ಲಿಸಿ ಹಣವನ್ನೂ ಕಟ್ಟಿದ್ದಾಯಿತು. ವಾರ ಕಳೆಯಿತು, ಪಕ್ಷ ಕಳೆಯಿತು. ಕಟ್ಟಕಡೆಗೆ ಬಂದುದು ಪುಸ್ತಕವಲ್ಲ, 'ದಾಸ್ತಾನು ಮುಗಿದಿದೆ' ಎಂಬ ಒಂದು ಸಾಲಿನ ಸಂದೇಶ. ಪೆರ್ಲದ ಕಡೆಯ ತಾಯಿಯೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ಮಕ್ಕಳ ಕಥೆಗಳ ನಾಲ್ಕು ಪುಸ್ತಕಗಳನ್ನು ತರಿಸಹೊರಟು, ಹುಟ್ಟುಹಬ್ಬ ಕಳೆದು ಹನ್ನೆರಡು ದಿನಗಳ ಮೇಲೆ ಎರಡನ್ನು ಮಾತ್ರ ಪಡೆದರಂತೆ. "ಮಿಕ್ಸಿಯ ಜಾರು ಬೇಕೆಂದರೆ ಮೂರನೆಯ ದಿನಕ್ಕೆ ಮನೆಬಾಗಿಲಿಗೆ ಬರುತ್ತದೆ. ಕನ್ನಡ ಪುಸ್ತಕಕ್ಕೆ ಮಾತ್ರ ಏನು ಕೇಡು?" ಎಂದು ಅವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದು. ಈ ಸಲದ ಪುಟವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಬೆಂಗಳೂರಿನ ಓದುಗನಿಗೆ ಇದು ಸಣ್ಣದೊಂದು ಕಿರುಕುಳವಷ್ಟೆ. ಅಂಚೆಯಲ್ಲಿ ಬಾರದಿದ್ದರೆ ಆತ ಒಂದು ಸಂಜೆ ಗಾಂಧಿಬಜಾರಿಗೋ ಗಾಂಧಿನಗರಕ್ಕೋ ಹೋಗಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ ಕೊಂಡು ತಂದಾನು. ನಮ್ಮ ಪಾಡು ಹಾಗಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕನ್ನಡದ ಪುಸ್ತಕ ಪ್ರಪಂಚ ನಮಗೆ ನೆರೆರಾಜ್ಯದ ವಸ್ತುವಾಗಿಬಿಟ್ಟಿತು. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಆದರೆ ಮುಳ್ಳೇರಿಯದಿಂದಲೋ ದೇಲಂಪಾಡಿಯಿಂದಲೋ ಹೊರಡುವ ವೃದ್ಧರಿಗೆ ಒಂದು ಪುಸ್ತಕಕ್ಕಾಗಿ ಮಂಗಳೂರಿಗೆ ಹೋಗಿಬರುವುದೆಂದರೆ ಒಂದು ಹಗಲಿನ ಕೆಲಸ. ಆದುದರಿಂದಲೇ ಜಾಲತಾಣದ ಅಂಗಡಿ ಬಂದಾಗ ಗಡಿನಾಡಿನವರಾದ ನಾವು ಇತರರಿಗಿಂತ ಹೆಚ್ಚು ಸಂತೋಷಪಟ್ಟೆವು. ಅದು ಕೈಕೊಟ್ಟಾಗ ಹೆಚ್ಚು ನೊಂದುಕೊಳ್ಳುವವರೂ ನಾವೇ.

ನಮ್ಮ ಮನೆಗಳಲ್ಲಿ ಆಡುವ ನುಡಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಎಂದು ಬಗೆಬಗೆಯದು. ಅನೇಕ ಮಕ್ಕಳಿಗೆ ಗ್ರಾಂಥಿಕ ಕನ್ನಡದ ಪರಿಚಯವಾಗುವುದು ಶಾಲೆಯಲ್ಲಿ ಮತ್ತು ಪುಸ್ತಕದಲ್ಲಿ. ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿಗಂತೂ ಪುಸ್ತಕವೊಂದೇ ದಾರಿ. ಎಂಟು ವರ್ಷದ ಮಗುವಿಗೆ ಇಂದು ಹುಟ್ಟಿದ ಓದಿನ ಆಸೆ ಮುಂದಿನ ತಿಂಗಳ ಕಟ್ಟಿಗಾಗಿ ಕಾದು ಕುಳಿತಿರುತ್ತದೆಯೆಂಬ ಭರವಸೆಯಿಲ್ಲ. ಅಷ್ಟರಲ್ಲಿ ಕೈಗೆ ಮೊಬೈಲು ಬಂದಿರುತ್ತದೆ.

ಹಾಗಾದರೆ ವಿಳಂಬವೆಲ್ಲಿ? ದಾರಿಯನ್ನು ದೂರುವುದು ನಮ್ಮ ಹಳೆಯ ಅಭ್ಯಾಸ. ಆದರೆ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಷಟ್ಪಥ ಹೆದ್ದಾರಿ ಕಣ್ಣೆದುರಿಗೇ ಇದೆ; ರೈಲು ಇದೆ; ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಓಡುತ್ತಿವೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಗಡಿಯ ವಾಣಿಜ್ಯ ತೆರಿಗೆ ತಪಾಸಣೆಯ ಗೇಟೂ ಇಲ್ಲವಾಯಿತು. ಅಚ್ಚಾದ ಪುಸ್ತಕಕ್ಕಂತೂ ಆ ತೆರಿಗೆಯೇ ಇಲ್ಲ. 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದ ದಿನಗಳನ್ನು ನಾವು ಮರೆತಿಲ್ಲ. ಆದರೆ ಅಂದು ಪ್ರಾಣದ ಮಾತು ಎದುರಿಗಿದ್ದಾಗ ಪುಸ್ತಕದ ಮಾತೆತ್ತುವುದು ತರವಲ್ಲ. ಇಂದು ದಾರಿ ತೆರೆದಿದೆ.

ದಾರಿ ತೆರೆದಿದ್ದರೂ ಕಟ್ಟು ಆ ದಾರಿಯಲ್ಲೇ ಬರುತ್ತದೆಂದು ಹೇಳುವಂತಿಲ್ಲ. 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಪಿನ್ ಸಂಖ್ಯೆ ಜಾರಿಗೆ ಬಂದಾಗ, ಕರ್ನಾಟಕ ಮತ್ತು ಆಂಧ್ರಗಳಿಗೆ 5ರ ಅಂಕಿಯೂ, ಕೇರಳ ಮತ್ತು ತಮಿಳುನಾಡುಗಳಿಗೆ 6ರ ಅಂಕಿಯೂ ಮೊದಲಿಗೆ ಬಂದುವು. ಮಂಗಳೂರು 575001, ಮಂಜೇಶ್ವರ 671323, ಕಾಸರಗೋಡು 671121. ಕಣ್ಣಳತೆಯ ನೆರೆಯವರಾದರೂ ಅಂಕಿಯ ಲೆಕ್ಕದಲ್ಲಿ ನಾವು ಬೇರೆ ಬೇರೆ ಮನೆಯವರು. ವಿಂಗಡಿಸುವ ಯಂತ್ರಕ್ಕೆ ಭೂಪಟ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ನಾವು ತರಿಸಿದ ಕಟ್ಟೊಂದು ಬೆಂಗಳೂರಿನಿಂದ ಹೊರಟು, ಕೊಯಂಬತ್ತೂರು, ಕೊಚ್ಚಿ, ಕಲ್ಲಿಕೋಟೆಗಳ ತೀರ್ಥಯಾತ್ರೆಯನ್ನು ಮುಗಿಸಿಕೊಂಡು ಒಂಬತ್ತನೆಯ ದಿನ ತೆಂಕಣಿಂದ ಕಾಸರಗೋಡನ್ನು ಪ್ರವೇಶಿಸಿತು. ಮಂಗಳೂರಿನ ದಾರಿಯಲ್ಲಿ ಬಂದಿದ್ದರೆ ಮರುದಿನವೇ ಬರಬಹುದಾಗಿತ್ತು. ಊರ ಹೆಸರುಗಳ ಅಕ್ಷರವ್ಯತ್ಯಾಸ ಬೇರೆ: ಮಂಜೇಶ್ವರ ಒಂದು ಕಡೆ, ಮಂಜೇಶ್ವರಂ ಇನ್ನೊಂದು ಕಡೆ, ಕುಂಬಳೆ, ಕುಂಬ್ಳ ಎಂದು ಎರಡು ಬಗೆ. ವಿಳಾಸ ಕೊಡುವಾಗ ಹೆಸರಿಗಿಂತ ಆ ಆರು ಅಂಕಿಗಳನ್ನು ಎರಡು ಸಲ ನೋಡಿ ಬರೆಯುವುದು ಲೇಸು.

ಆದರೂ ಸುತ್ತುದಾರಿಯಿಂದ ತಡವಾಗುವುದು ನಾಲ್ಕೈದು ದಿನ ಮಾತ್ರ. ಪಕ್ಷಗಟ್ಟಲೆಯ ವಿಳಂಬಕ್ಕೂ, ಹಣ ಪಡೆದ ಮೇಲೆ 'ಇಲ್ಲ' ಎನ್ನುವುದಕ್ಕೂ ಕಾರಣವನ್ನು ಹೆದ್ದಾರಿಯಲ್ಲಿ ಅರಸಿ ಫಲವಿಲ್ಲ. ಅದನ್ನು 'ದಾಸ್ತಾನು ಇದೆ' ಎಂಬ ಎರಡು ಪದಗಳ ಒಳಗೇ ನೋಡಬೇಕು.

ನಮ್ಮ ಪೇಟೆಯ ಅಂಗಡಿಯವರು 'ಇದೆ' ಎಂದರೆ ವಸ್ತು ಅವರ ಬೆನ್ನ ಹಿಂದಿನ ಕಪಾಟಿನಲ್ಲಿದೆ ಎಂದರ್ಥ. ಜಾಲತಾಣದ ಅಂಗಡಿಯ 'ಇದೆ' ಎಂಬುದಕ್ಕೆ ಕಡಿಮೆಯೆಂದರೆ ಮೂರು ಅರ್ಥಗಳಿವೆ. ಪುಸ್ತಕ ಅವರ ಗೋದಾಮಿನಲ್ಲಿಯೇ ಇರಬಹುದು, ಆಗ ತೊಂದರೆಯಿಲ್ಲ. ಅಥವಾ ಆ ಜಾಲತಾಣವು ಸಂತೆಯ ಮೈದಾನದಂತೆ ಜಾಗ ಮಾತ್ರ ಕೊಟ್ಟಿದ್ದು, ಎಲ್ಲಿಯೋ ಇರುವ ಮಾರಾಟಗಾರನೊಬ್ಬ 'ನನ್ನಲ್ಲಿ ಎರಡು ಪ್ರತಿಗಳಿವೆ' ಎಂದು ಬರೆದಿಟ್ಟಿರಬಹುದು. ಆ ಎರಡೂ ಪ್ರತಿಗಳು ನಿನ್ನೆ ಸಂಜೆ ಅವನ ಅಂಗಡಿಗೆ ಬಂದ ಗಿರಾಕಿಗೆ ಮಾರಿಹೋಗಿ, ಪಟ್ಟಿಯನ್ನು ತಿದ್ದುವ ಕೆಲಸ ಉಳಿದಿರಬಹುದು. ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವೆಂದು ನಮಗೆ ತೋರುತ್ತದೆ: ಪುಸ್ತಕ ಮಾರುವವನಲ್ಲಿಲ್ಲ, ನಮ್ಮ ಬೇಡಿಕೆ ಬಂದ ಬಳಿಕ ಪ್ರಕಾಶಕರಿಂದ ತರಿಸಿ ಕಳುಹಿಸುತ್ತಾನೆ. ಪ್ರಕಾಶಕರು ಧಾರವಾಡದಲ್ಲೋ ಮೈಸೂರಿನಲ್ಲೋ ಹೆಗ್ಗೋಡಿನಲ್ಲೋ ಇರುತ್ತಾರೆ. ಒಂದೇ ಪ್ರತಿಗಾಗಿ ಕಟ್ಟು ಕಟ್ಟುವುದು ಅವರಿಗೂ ಗಿಟ್ಟದು. ನಾಲ್ಕು ಬೇಡಿಕೆಗಳು ಕೂಡಲಿ ಎಂದು ಕಾಯುತ್ತಾರೆ. ನಾವು ಇಲ್ಲಿ ದಿನವೆಣಿಸುತ್ತೇವೆ.

ಮಿಕ್ಸಿಯ ಜಾರಿಗೂ ಪುಸ್ತಕಕ್ಕೂ ಇರುವ ಭೇದ ಇಲ್ಲಿದೆ. ಜಾರುಗಳು ಲಕ್ಷಗಟ್ಟಲೆ ತಯಾರಾಗಿ ಊರೂರ ಗೋದಾಮಿನಲ್ಲಿ ಮೊದಲೇ ಬಂದು ಕುಳಿತಿರುತ್ತವೆ. ಕನ್ನಡ ಪುಸ್ತಕದ ಒಂದು ಮುದ್ರಣವೆಂದರೆ ಬಹುಕಾಲ ಸಾವಿರ ಪ್ರತಿಗಳ ಲೆಕ್ಕ. ಈಗ ಐನೂರಕ್ಕೆ, ಮುನ್ನೂರಕ್ಕೆ ಇಳಿದುದೂ ಉಂಟು. ಕರ್ನಾಟಕ ಸರಕಾರ ತನ್ನ ಗ್ರಂಥಾಲಯಗಳಿಗಾಗಿ ಆಯ್ದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುವ ಪದ್ಧತಿಯಿದೆ. ಅನೇಕ ಪ್ರಕಾಶಕರು ಉಸಿರಾಡುವುದೇ ಅದರ ಮೇಲೆ. ಆ ಗ್ರಂಥಾಲಯಗಳು ಗಡಿಯ ಆಚೆಗಿವೆ. ಇಲ್ಲಿಯ ವಾಚನಾಲಯಗಳು ಕೇರಳ ರಾಜ್ಯ ಗ್ರಂಥಾಲಯ ಪರಿಷತ್ತಿನ ವ್ಯವಸ್ಥೆಗೆ ಸೇರಿದವು. ಉಳಿದ ಕೆಲವು ನೂರು ಪ್ರತಿಗಳು ಇಡೀ ಕನ್ನಡ ಪ್ರಪಂಚಕ್ಕೆ ಹಂಚಿಹೋಗಬೇಕು. ನವೆಂಬರಿನ ರಿಯಾಯಿತಿ ಮಾರಾಟದ ಬಳಿಕ ಎಷ್ಟೋ ಶೀರ್ಷಿಕೆಗಳು ಅಂಗಡಿಯ ಕಪಾಟಿನಿಂದ ಮಾಯವಾಗಿ, ಜಾಲತಾಣದ ಪಟ್ಟಿಯಲ್ಲಿ ಮಾತ್ರ ಜೀವಂತವಾಗಿರುತ್ತವೆ.

ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು: ಪುಸ್ತಕವಿದೆ, ಪಟ್ಟಿಯಲ್ಲಿ ಇಲ್ಲ. ದೊಡ್ಡ ಅಂಗಡಿಗಳು ಪುಸ್ತಕವನ್ನು ಗುರುತಿಸುವುದು ಐ.ಎಸ್.ಬಿ.ಎನ್. ಎಂಬ ಸಂಖ್ಯೆಯಿಂದ; ನಮ್ಮ ಹಳೆಯ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಆ ಸಂಖ್ಯೆಯೇ ಇಲ್ಲ. ಹೆಸರನ್ನು ಹುಡುಕೋಣವೆಂದರೆ ಕೆಲವೆಡೆ ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಿಟ್ಟಿರುತ್ತಾರೆ. ಕಾರಂತರ ಮೂಕಜ್ಜಿಯ 'ಮೂ' ಅಕ್ಷರವನ್ನು ಆ ಲಿಪಿಯಲ್ಲಿ ಮೂರು ಬಗೆಯಾಗಿ ಬರೆಯಬಹುದು. ಬರೆದವನ ಬಗೆ ಒಂದು, ಹುಡುಕುವವನ ಬಗೆ ಇನ್ನೊಂದು. ಅಜ್ಜಿ ಅಲ್ಲಿಯೇ ಕುಳಿತಿದ್ದರೂ 'ಇಲ್ಲ' ಎಂಬ ಉತ್ತರ ಬರುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಇಬ್ಬರು ತರುಣರು ತೆರೆದ ಫ್ಲಿಪ್‌ಕಾರ್ಟ್ ಮೊದಲಿಗೆ ಪುಸ್ತಕದ ಅಂಗಡಿಯಾಗಿತ್ತೆಂಬುದು ಇಂದು ಅನೇಕರಿಗೆ ಮರೆತುಹೋಗಿದೆ. ಅಮೆಜಾನ್ ಕೂಡ 1995ರಲ್ಲಿ ಅಮೆರಿಕದಲ್ಲಿ ಪುಸ್ತಕದಿಂದಲೇ ಆರಂಭವಾಯಿತು. ಎಲ್ಲಿ ಕೊಂಡರೂ ಒಂದೇ ಆಗಿರುವ, ಕೆಡದ, ಒಡೆಯದ ವಸ್ತು ಪುಸ್ತಕವೆಂಬ ಲೆಕ್ಕ ಅದರ ಹಿಂದಿತ್ತು. ಆ ಲೆಕ್ಕ ಇಂಗ್ಲಿಷ್ ಪುಸ್ತಕಗಳಿಗೆ ಚೆನ್ನಾಗಿ ಹೊಂದಿತು. ಸಂಖ್ಯೆಯಿಲ್ಲದ, ಸಗಟು ವ್ಯಾಪಾರಿಯಿಲ್ಲದ, ಐನೂರು ಪ್ರತಿಯ ಕನ್ನಡ ಪುಸ್ತಕಕ್ಕೆ ಅಷ್ಟಾಗಿ ಹೊಂದಲಿಲ್ಲ.

ನಮ್ಮ ಊರಿನ ಲೇಖಕರ ಪಾಡಂತೂ ಇನ್ನೂ ಸ್ವಾರಸ್ಯಕರ. ಕಾಸರಗೋಡಿನ ಲೇಖಕರೊಬ್ಬರು ಸ್ವಂತ ಹಣದಿಂದ ಪುಸ್ತಕ ಅಚ್ಚು ಹಾಕಿಸುತ್ತಾರೆ. ಬಿಡುಗಡೆಯ ದಿನ ಸಭೆಯಲ್ಲಿ ಎಂಬತ್ತು ಪ್ರತಿಗಳು ಹೋಗುತ್ತವೆ, ಅವುಗಳಲ್ಲಿ ನಲವತ್ತು ಗೌರವಪ್ರತಿಗಳು. ಬೆಂಗಳೂರಿನ ಅಂಗಡಿಗೆ ಹತ್ತು ಪ್ರತಿಗಳನ್ನು ಕಳುಹಿಸುತ್ತಾರೆ. ಉಳಿದ ನಾಲ್ಕು ಕಟ್ಟುಗಳು ಮನೆಯ ಮಂಚದ ಕೆಳಗೆ ಸೇರುತ್ತವೆ. ಬದಿಯಡ್ಕದ ಓದುಗರೊಬ್ಬರು ಅಂಥದೊಂದು ಪುಸ್ತಕವನ್ನು ಜಾಲತಾಣದಲ್ಲಿ ಕೇಳಿ, ಹತ್ತೊಂಬತ್ತು ದಿನ ಕಾದು, 'ದಾಸ್ತಾನು ಇಲ್ಲ' ಎಂಬ ಉತ್ತರವನ್ನು ಪಡೆದರು. ಲೇಖಕರ ಮನೆ ಅವರ ಮನೆಯಿಂದ ಎರಡು ಮೈಲು! ಮದುವೆಯ ಊಟವೊಂದರಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಾಗ ವಿಷಯ ಹೊರಬಿತ್ತಂತೆ. ಮಂಚದಡಿಯ ಪ್ರತಿಗಳಿಗೆ ಅಷ್ಟರಲ್ಲಿ ಮಳೆಗಾಲದ ಬೂಷ್ಟು ಹಿಡಿಯಲು ತೊಡಗಿತ್ತು.

ಹಿಂದಿನವರು ಏನು ಮಾಡುತ್ತಿದ್ದರು? ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅಲ್ಲಿ ದಾಸ್ತಾನು ಗಿರಾಕಿಯ ಜಗಲಿಗೇ ಬಂದು ಕುಳಿತಿತ್ತು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯದು ಇನ್ನೊಂದು ಬಗೆ: ಓದುಗರನ್ನು ಮೊದಲೇ ಚಂದಾದಾರರನ್ನಾಗಿ ಮಾಡಿಕೊಂಡು, ಅಚ್ಚಾದ ಪುಸ್ತಕಗಳನ್ನು ಅವರಿಗೆ ಕಳುಹಿಸಿಕೊಡುವುದು. ಎಷ್ಟು ಮಂದಿಗೆ ಬೇಕೆಂಬುದು ಮೊದಲೇ ತಿಳಿದಿದ್ದರೆ ಎಷ್ಟು ಅಚ್ಚು ಹಾಕಬೇಕೆಂಬುದು ತಾನೇ ತಿಳಿಯುತ್ತದೆ. ಇಂದಿನ ದೊಡ್ಡ ಅಂಗಡಿಗಳ ಗಣಕಯಂತ್ರಗಳು ಹಗಲಿರುಳು ಗುಣಿಸಿ ಊಹಿಸಲು ಹೆಣಗುವುದನ್ನು ಆ ಗ್ರಂಥಮಾಲೆ ಚಂದಾದಾರರ ಪಟ್ಟಿಯಿಂದಲೇ ತಿಳಿದುಕೊಳ್ಳುತ್ತಿತ್ತು. ವಿ.ಪಿ. ಅಂಚೆ 1877ರಲ್ಲಿಯೇ ನಮ್ಮ ದೇಶಕ್ಕೆ ಬಂದಿತ್ತು; ಕಟ್ಟನ್ನು ಕೈಯಲ್ಲಿ ಕೊಟ್ಟು ಅಂಚೆಯಣ್ಣ ಹಣ ಪಡೆಯುವ ಆ ಏರ್ಪಾಡಿನಲ್ಲಿ, ವಸ್ತು ಬಾರದೆ ಹಣ ಹೋಗುವ ಭಯವಿರಲಿಲ್ಲ. 2010ರಲ್ಲಿ ಫ್ಲಿಪ್‌ಕಾರ್ಟ್ ಕ್ಯಾಶ್ ಆನ್ ಡೆಲಿವರಿ ಎಂದು ಆರಂಭಿಸಿದಾಗ, ನಮ್ಮ ಮನೆಯ ಹಿರಿಯರು "ಇದು ನಮ್ಮ ವಿ.ಪಿ.ಯಲ್ಲವೇ?" ಎಂದು ನಕ್ಕುದು ನೆನಪಿದೆ.

ಅಂಚೆಯ ಮಾತು ಬಂದುದರಿಂದ ದರದ ವಿಚಾರವನ್ನೂ ಹೇಳಿಬಿಡಬೇಕು. ಸಣ್ಣ ಪ್ರಕಾಶಕರು ಕಟ್ಟು ಕಳುಹಿಸಲು ಹಿಂದೆ ಮುಂದೆ ನೋಡುವುದಕ್ಕೆ ಅದೂ ಒಂದು ಕಾರಣ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೌಲಭ್ಯವನ್ನು ಅಂಚೆ ಇಲಾಖೆ 2024ರ ಡಿಸೆಂಬರ್ 18ರಂದು ನಿಲ್ಲಿಸಿಬಿಟ್ಟಿತು. 80 ರೂಪಾಯಿಗೆ ಹೋಗುತ್ತಿದ್ದ 5 ಕಿಲೋ ಪುಸ್ತಕದ ಕಟ್ಟಿಗೆ ಪಾರ್ಸೆಲ್ ದರದಲ್ಲಿ 229 ರೂಪಾಯಿ ತೆರಬೇಕಾಯಿತು. ನೂರೈವತ್ತು ರೂಪಾಯಿಯ ಪುಸ್ತಕಕ್ಕೆ ಅಂಚೆವೆಚ್ಚವೇ ಅರ್ಧ ಬೆಲೆ ಎಂಬಂತಾದಾಗ ಕೊಳ್ಳುವವರೂ ಹಿಂದೆಗೆದರು. ದೇಶದಾದ್ಯಂತ ಪ್ರಕಾಶಕರು, ಓದುಗರು ಮೊರೆಯಿಟ್ಟರು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಎಂಬ ಹೊಸ ಏರ್ಪಾಡು ಬಂದಿತು: 300 ಗ್ರಾಮಿಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಅದರ ಮೇಲೆ ತೆರಿಗೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಜಾಹೀರಾತಿನ ವಾಣಿಜ್ಯ ಪ್ರಕಟಣೆಗಳಿಗೆ ಅದು ಸಲ್ಲದು. ಕಟ್ಟು ನೆಲದ ದಾರಿಯಲ್ಲಿ ಸಾಗುತ್ತದೆ, ಎಲ್ಲಿಗೆ ಬಂತೆಂದು ನೋಡಿಕೊಳ್ಳಬಹುದು. ಈ ಸೌಲಭ್ಯದ ಸುದ್ದಿ ಇನ್ನೂ ಎಲ್ಲ ಕಡೆಗೂ ತಲುಪಿದಂತಿಲ್ಲ. ಪ್ರಕಾಶಕರಿಗೆ ಬರೆಯುವಾಗ 'ಜ್ಞಾನ್ ಪೋಸ್ಟಿನಲ್ಲಿ ಕಳುಹಿಸುವಿರಾ?' ಎಂದು ಒಂದು ಮಾತು ಸೇರಿಸಲು ವಿನಂತಿ.

ಆ ದರವನ್ನೇ ಸ್ವಲ್ಪ ಗುಣಿಸಿ ನೋಡೋಣ. ಇನ್ನೂರು ಪುಟದ ಸಾಮಾನ್ಯ ಪುಸ್ತಕ ಸುಮಾರು 250 ಗ್ರಾಂ ತೂಗುತ್ತದೆ. ಒಬ್ಬರು ಒಂದನ್ನೇ ತರಿಸಿದರೆ ಅಂಚೆವೆಚ್ಚ 20 ರೂಪಾಯಿ. ಊರಿನ ಹತ್ತು ಮನೆಯವರು ಕೂಡಿ ಇಪ್ಪತ್ತು ಪುಸ್ತಕಗಳನ್ನು ಒಂದೇ ಕಟ್ಟಿನಲ್ಲಿ ತರಿಸಿದರೆ ಪುಸ್ತಕವೊಂದಕ್ಕೆ 5 ರೂಪಾಯಿ. ಉಳಿತಾಯಕ್ಕಿಂತಲೂ ಮುಖ್ಯವಾದ ಲಾಭ ಬೇರೆಯಿದೆ. ಒಂದು ಪ್ರತಿಯ ಬೇಡಿಕೆ ಯಾವ ಪ್ರಕಾಶಕನ ಮೇಜಿನ ಮೇಲೂ ಕಾಣಿಸುವುದಿಲ್ಲ. ಇಪ್ಪತ್ತು ಪ್ರತಿಗಳ ಬೇಡಿಕೆಯನ್ನು ಆತ ಮರುದಿನವೇ ಕಟ್ಟುತ್ತಾನೆ. ಎರಡನೆಯ ಸಲ ನಮ್ಮ ಊರಿನ ಹೆಸರು ಅವನಿಗೆ ನೆನಪಿರುತ್ತದೆ. ನಮ್ಮ ಪರಿಚಯದ ವಾಚನಾಲಯವೊಂದು ಈ ಕ್ರಮವನ್ನು ವರ್ಷದಲ್ಲಿ ನಾಲ್ಕು ಸಲ ಅನುಸರಿಸುತ್ತಿದೆ. ಮೊದಲು ಪ್ರಕಾಶಕರಿಗೆ ದೂರವಾಣಿಯ ಮೂಲಕ 'ಪ್ರತಿ ಕೈಯಲ್ಲಿದೆಯೇ?' ಎಂದು ಕೇಳುತ್ತಾರೆ. ಇದೆಯೆಂದರೆ ಮಾತ್ರ ಹಣ. ಮಧ್ಯವರ್ತಿಯ 'ದಾಸ್ತಾನು ಇದೆ'ಗಿಂತ ಈ ಪ್ರಶ್ನೆಗೆ ಬರುವ ಉತ್ತರ ನಂಬಲರ್ಹವೆಂದು ಅವರ ಅನುಭವ. ಮರುಮುದ್ರಣವಿಲ್ಲವೆಂದಾದರೆ ಅದೂ ಅಂದೇ ತಿಳಿಯುತ್ತದೆ, ಹತ್ತೊಂಬತ್ತು ದಿನ ಕಾಯಬೇಕಿಲ್ಲ.

ಇಷ್ಟಾದರೂ ಜಾಲತಾಣದ ಅಂಗಡಿಯನ್ನು ಬಿಟ್ಟುಬಿಡಿ ಎಂದು ನಾವು ಹೇಳುವವರಲ್ಲ. ಬೇರೆಲ್ಲೂ ದೊರೆಯದ ಪುಸ್ತಕ ಅಲ್ಲಿ ದೊರೆತುದೂ ಉಂಟು. ಆದರೆ ಹಣ ತೆತ್ತವರಿಗೆ ಹಕ್ಕೂ ಇದೆಯೆಂಬುದನ್ನು ಮನೆಮಂದಿ ತಿಳಿದಿರಬೇಕು. 2020ರ ಜುಲೈಯಲ್ಲಿ ಜಾರಿಗೆ ಬಂದ ಇ-ವಾಣಿಜ್ಯದ ಗ್ರಾಹಕ ಸಂರಕ್ಷಣಾ ನಿಯಮಗಳಂತೆ, ಇಂಥ ಪ್ರತಿಯೊಂದು ಅಂಗಡಿಗೂ ದೂರು ಕೇಳುವ ಅಧಿಕಾರಿಯೊಬ್ಬರು ಇರಬೇಕು. ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ವಸ್ತುವನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ; ನೆರೆ, ಬಿರುಗಾಳಿಯಂಥ ಕೈಮೀರಿದ ಕಾರಣವಿದ್ದರೆ ಮಾತು ಬೇರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದ ವರ್ಷವೂ, ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ ವರ್ಷವೂ ಅದೇ ಆಗಿರುವುದರಿಂದ ನಮ್ಮವರಿಗೆ ಮರೆಯಲು ಕಾರಣವಿಲ್ಲ. ಅದಕ್ಕೂ ಬಗ್ಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದು. ಅಂಗಡಿ ಬೆಂಗಳೂರಿನಲ್ಲಿದ್ದರೂ ವಿಚಾರಣೆ ಕಾಸರಗೋಡಿನಲ್ಲಿ. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಇನ್ನೂರು ರೂಪಾಯಿಯ ಪುಸ್ತಕಕ್ಕಾಗಿ ಯಾರು ಆಯೋಗದ ಮೆಟ್ಟಿಲು ಹತ್ತಿಯಾರು ಎಂದು ಕೇಳಬಹುದು. ಹತ್ತಬೇಕಾಗಿಲ್ಲ, ಹತ್ತಬಲ್ಲೆವೆಂದು ಒಂದು ಪತ್ರ ಬರೆದರೆ ಹಣ ಬೇಗನೆ ಮರಳುವುದನ್ನು ನಾವು ಕಂಡಿದ್ದೇವೆ.

ಅಚ್ಚಿನ ಪ್ರತಿ ಸಿಗದಿದ್ದಲ್ಲಿ ವಿದ್ಯುನ್ಮಾನ ಪುಸ್ತಕವನ್ನು ಓದಬಹುದಲ್ಲವೇ ಎಂದು ಕಿರಿಯರು ಹೇಳುತ್ತಾರೆ. ಓದಬಹುದು. ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಅದು ದೊಡ್ಡ ಉಪಕಾರವೇ ಆಗಿದೆ. ಬೇಡಿಕೆ ಬಂದಂತೆ ಒಂದೊಂದೇ ಪ್ರತಿಯನ್ನು ಅಚ್ಚು ಹಾಕಿಕೊಡುವ ಕ್ರಮವೂ ಬಂದಿದೆ. ಹಳೆಯ ಪುಸ್ತಕಗಳಿಗೆ ಅದು ವರವಾದೀತು, ಬೆಲೆ ಮಾತ್ರ ತುಸು ಹೆಚ್ಚು. ಆದರೆ ಎಂಟು ವರ್ಷದ ಮಗು ಪುಸ್ತಕವನ್ನು ದಿಂಬಿನ ಕೆಳಗಿಟ್ಟು ಮಲಗುವ ಸುಖಕ್ಕೆ ಇವು ಬದಲಾಗವು.

ನಮ್ಮಿಂದಾಗುವ ಒಂದು ಸಣ್ಣ ಕೆಲಸವನ್ನು ಮುಂದಿನ ಸಂಚಿಕೆಯಿಂದ ಆರಂಭಿಸಬೇಕೆಂದಿದ್ದೇವೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ನಮ್ಮ ಲೇಖಕರು ಮತ್ತು ಪ್ರಕಾಶಕರು ತಮ್ಮ ಮನೆಯಲ್ಲಿ ಉಳಿದಿರುವ ಪುಸ್ತಕಗಳ ಹೆಸರು, ಪುಟಸಂಖ್ಯೆ, ಬೆಲೆ ಮತ್ತು ನಿಜವಾಗಿ ಇರುವ ಪ್ರತಿಗಳ ಸಂಖ್ಯೆಯನ್ನು ಒಂದು ಅಂಚೆಕಾರ್ಡಿನಲ್ಲಿ ಬರೆದು ಕಳುಹಿಸಿದರೆ, ಈ ಪುಟದ ಅಡಿಯಲ್ಲಿ ಉಚಿತವಾಗಿ ಪ್ರಕಟಿಸುತ್ತೇವೆ. ದಯವಿಟ್ಟು ಮಂಚದ ಕೆಳಗೆ ಬಗ್ಗಿ ನೋಡಿ, ಎಣಿಸಿ ಬರೆಯಿರಿ. ಬೂಷ್ಟು ಹಿಡಿದವನ್ನು ಲೆಕ್ಕಕ್ಕೆ ಸೇರಿಸಬೇಡಿ. ಕಾರ್ಡುಗಳು ತಿಂಗಳ 10ನೆಯ ತಾರೀಕಿನೊಳಗೆ ನಮ್ಮ ಕೈಸೇರಬೇಕು. ಪ್ರತಿಗಳು ಮಾರಿಹೋದಾಗ ಮತ್ತೊಂದು ಕಾರ್ಡು ಬರೆದು ತಿಳಿಸಿದರೆ, ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ.